ಬಜೆಟ್ ಧಾರಾಳವಾಗಿದೆ, ಒಳ್ಳೆ ಬಟ್ಟೆ ಎಲ್ಲಿ ತಗೊಳ್ಳೋದು?

ಮಳೆಹುಡುಗಿ:

ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಬಟ್ಟೆಗೆ ಅಂತ ಲೆಕ್ಕ ಹಾಕಿ ಹಾಕಿ ಖರ್ಚು ಮಾಡಿದವಳು ನಾನು. ಸೇಲ್ ಬಂದಾಗ ಹೋಗುವುದು, ಕೈಗೆ ಸಿಕ್ಕಿದ್ದು ತರುವುದು, ಎರಡು ಸಲ ಒಗೆದ ಮೇಲೆ ಅದನ್ನು ಮನೆಯಲ್ಲಿ ಹಾಕಿಕೊಳ್ಳುವುದು. ಈಗ ಕೆಲಸ ಬದಲಾಗಿದೆ, ಸಂಬಳ ಚೆನ್ನಾಗಿದೆ. ಬೀರುವಿನಲ್ಲಿರುವ ಅರ್ಧ ಬಟ್ಟೆ ಹೊಸ ಕೆಲಸಕ್ಕೆ ಒಪ್ಪುವುದೂ ಇಲ್ಲ. ಹಾಗಾಗಿ ಒಂದಷ್ಟು ದುಡ್ಡು ಇದಕ್ಕೇ ಅಂತ ಎತ್ತಿಟ್ಟಿದ್ದೇನೆ. ಕಡಿಮೆ ಏನಲ್ಲ, ಧಾರಾಳವಾಗಿಯೇ ಇದೆ.

ಬೇಕಾಗಿರುವುದು ಇಷ್ಟು: ಎರಡು ಬ್ಲೇಜರ್, ಅದಕ್ಕೆ ಹೊಂದುವ ಪ್ಯಾಂಟು, ನಾಲ್ಕೈದು ಒಳ್ಳೆ ಶರ್ಟು, ಒಂದೆರಡು ಸ್ವೆಟರ್, ಮತ್ತೆ ಒಂದು ದಪ್ಪ ಚಳಿಗಾಲದ ಕೋಟು, ಯಾಕಂದರೆ ಚಳಿ ದೇಶಗಳಿಗೆ ಆಗಾಗ ಹೋಗಬೇಕಾಗುತ್ತದೆ. ನನ್ನ ಹೆಗಲು ಸ್ವಲ್ಪ ಅಗಲ, ಕೈ ಉದ್ದ. ರೆಡಿಮೇಡ್ ಜಾಕೆಟ್ ಹೆಗಲಿಗೆ ಕೂತರೆ ಸೊಂಟದ ಹತ್ತಿರ ಚೀಲ, ಸೊಂಟಕ್ಕೆ ಕೂತರೆ ಕೈ ಎತ್ತಲು ಆಗಲ್ಲ. ಎದೆ ಮೇಲೆ ದೊಡ್ಡದಾಗಿ ಕಂಪನಿ ಹೆಸರು ಇರುವುದು ಬೇಡವೇ ಬೇಡ.

ಮೊನ್ನೆ ಒಂದು ಭಾರಿ ಬ್ರ್ಯಾಂಡಿನ ಮಳಿಗೆಗೆ ಹೋಗಿದ್ದೆ. ಬಾಗಿಲು ತೆಗೆಯಲು ಒಬ್ಬರು, ನೀರು ಕೊಡಲು ಒಬ್ಬರು, ಎಲ್ಲಾ ಸರಿ. ಆದರೆ ಅಲ್ಲಿದ್ದ ಟೀ ಶರ್ಟು ಮುಟ್ಟಿ ನೋಡಿದರೆ ನಾನು ಹಾಕಿಕೊಂಡು ಹೋಗಿದ್ದಕ್ಕೂ ಅದಕ್ಕೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ಹಾಗಾದರೆ ದುಡ್ಡಿರುವವರು ಎಲ್ಲಿ ಕೊಳ್ಳುತ್ತಾರೆ? ಬ್ರ್ಯಾಂಡ್ ಅಂಗಡಿಯಾ, ಡಿಪಾರ್ಟ್‌ಮೆಂಟ್ ಸ್ಟೋರಾ, ಆನ್‌ಲೈನಾ, ಟೈಲರ್ ಹತ್ತಿರವಾ? ತಿಳಿದವರು ಹೇಳಿ.

ಕಿಟಕಿಪಕ್ಕದಸೀಟು:

ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರಿಗೆ ಹೋಗಿ ಮೇಡಂ, ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಹೇಗಿದ್ದರೂ ಹೊರದೇಶಕ್ಕೆ ಓಡಾಡುತ್ತೀರಿ. ಲಂಡನ್ನಿನ ಸೆಲ್ಫ್ರಿಜಸ್, ಪ್ಯಾರಿಸ್ಸಿನ ಲ ಬಾನ್ ಮಾರ್ಷೆ, ಟೋಕಿಯೊದ ಇಸೆಟಾನ್, ಇಂಥ ಕಡೆ ಹತ್ತಾರು ಕಂಪನಿಗಳ ಬ್ಲೇಜರ್ ಒಂದೇ ಸೂರಿನಡಿ ಸಿಗುತ್ತದೆ. ಒಂದೇ ಬ್ರ್ಯಾಂಡಿನ ಮಳಿಗೆಯಲ್ಲಿ ಅವರ ಕಟಿಂಗ್ ನಿಮ್ಮ ಮೈಗೆ ಹೊಂದದಿದ್ದರೆ ಮುಗೀತು, ಅಲ್ಲಿ ಬೇರೆ ದಾರಿ ಇಲ್ಲ. ಇಲ್ಲಿ ಒಂದು ಹೊಂದದಿದ್ದರೆ ಪಕ್ಕದ ಸ್ಟ್ಯಾಂಡಿಗೆ ಹೋದರಾಯಿತು.

ಅದಕ್ಕಿಂತ ಮುಖ್ಯ, ಇಂಥ ಅಂಗಡಿಗಳಲ್ಲಿ ಪರ್ಸನಲ್ ಶಾಪರ್ ಅಂತ ಇರುತ್ತಾರೆ. ಮುಂಚೆಯೇ ಸಮಯ ಕೇಳಿಕೊಂಡು ಹೋಗಬೇಕು. ಎಷ್ಟೋ ಕಡೆ ಇದಕ್ಕೆ ಬೇರೆ ಶುಲ್ಕ ಇಲ್ಲ. ಈಗ ಇಲ್ಲಿ ಬರೆದ ಪಟ್ಟಿಯನ್ನೇ ಕಳಿಸಿ, ಹೆಗಲು ಅಗಲ, ಕೈ ಉದ್ದ, ಲೋಗೋ ಬೇಡ ಅಂತ ಎಲ್ಲಾ ಬರೆಯಿರಿ. ನೀವು ಹೋಗುವ ಹೊತ್ತಿಗೆ ಟ್ರಯಲ್ ರೂಮಿನಲ್ಲಿ ಹತ್ತಿಪ್ಪತ್ತು ಬಟ್ಟೆ ತೂಗುಹಾಕಿ ಇಟ್ಟಿರುತ್ತಾರೆ. ಆಫೀಸಿಗೆ ಹಾಕುವ ಶೂ, ಒಳಗೆ ಹಾಕುವ ಶರ್ಟು ಜೊತೆಗೆ ತೆಗೆದುಕೊಂಡು ಹೋಗಿ. ಚಪ್ಪಲಿ ಹಾಕಿಕೊಂಡು ಪ್ಯಾಂಟಿನ ಉದ್ದ ಅಳೆಸಬೇಡಿ.

ಒಂದೇ ಮಾತು ನೆನಪಿರಲಿ. ಅವರಲ್ಲಿ ಕೆಲವರಿಗೆ ಮಾರಾಟದ ಮೇಲೆ ಕಮಿಷನ್ ಇರುತ್ತದೆ. "ಮೇಡಂ ನಿಮಗೆ ಬಹಳ ಚೆನ್ನಾಗಿ ಕಾಣುತ್ತೆ" ಅನ್ನುವುದನ್ನು ಆ ಲೆಕ್ಕದಲ್ಲೇ ಕೇಳಿಸಿಕೊಳ್ಳಿ. ಕನ್ನಡಿ ಮುಂದೆ ಎರಡೂ ಕೈ ಮುಂದಕ್ಕೆ ಚಾಚಿ, ಕೂತು ನೋಡಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ನೋಡಿ. ಆಮೇಲೆ ಹೇಳಿ ಬೇಕೋ ಬೇಡವೋ.

ಒಳಹೊಲಿಗೆ:

ನಾನು ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಕಡೆ ಕೆಲಸ ಮಾಡಿದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

"ಎಲ್ಲಿ" ಅನ್ನುವುದಕ್ಕಿಂತ ಮೊದಲು ಬಟ್ಟೆ ಒಳಗೆ ತಿರುಗಿಸಿ ನೋಡುವುದು ಕಲಿತರೆ ಯಾವ ಅಂಗಡಿಯಾದರೂ ನಡೆಯುತ್ತದೆ. ದುಬಾರಿ ಅಂಗಡಿಯಲ್ಲಿ ಕೆಟ್ಟ ಮಾಲು ಇರುತ್ತದೆ, ಹೆಸರೇ ಕೇಳದ ಅಂಗಡಿಯಲ್ಲಿ ಚಿನ್ನದಂಥ ಮಾಲು ಇರುತ್ತದೆ. ಒಂದೇ ಕಂಪನಿಯಲ್ಲೂ ಹಾಗೆ. ಕೋಟು, ಜಾಕೆಟ್ ಅವರ ಮೂಲ ಕಸುಬು ಆಗಿರುತ್ತದೆ, ಅದರಲ್ಲಿ ಜಿಪುಣತನ ಮಾಡಲ್ಲ. ಟೀ ಶರ್ಟು, ಟೋಪಿ, ಬೆಲ್ಟು ಇವೆಲ್ಲಾ ಹೆಸರಿನ ಮೇಲೆ ದುಡ್ಡು ಮಾಡುವ ಸಾಮಾನು. ನಿಮಗೆ ಆ ಟೀ ಶರ್ಟಿನಲ್ಲಿ ವ್ಯತ್ಯಾಸ ಗೊತ್ತಾಗದಿದ್ದಕ್ಕೆ ಕಾರಣ ಅದೇ ಇರಬೇಕು. ಅದರ ಪಕ್ಕದಲ್ಲೇ ತೂಗುಹಾಕಿದ್ದ ಕೋಟು ಮುಟ್ಟಿ ನೋಡಿದ್ದರೆ ಬೇರೆ ಮಾತು ಬರುತ್ತಿತ್ತೇನೋ.

ಬ್ಲೇಜರ್ ವಿಷಯಕ್ಕೆ ಬರೋಣ. ಮುಂಭಾಗಕ್ಕೆ ಆಕಾರ ಬರಲು ಒಳಗೆ ಇನ್ನೊಂದು ಪದರ ಇರುತ್ತದೆ. ಅಗ್ಗದ ದಾರಿ ಅಂದರೆ ಫ್ಯೂಸಿಂಗ್, ಅಂದರೆ ಆ ಪದರವನ್ನು ಬಿಸಿ ಕೊಟ್ಟು ಅಂಟಿಸುವುದು. ಒಳ್ಳೆ ದಾರಿ ಅಂದರೆ ಕ್ಯಾನ್ವಾಸ್ ಅನ್ನುವ ಗಡುಸು ಬಟ್ಟೆ ಇಟ್ಟು ಹೊಲಿಯುವುದು. ಪರೀಕ್ಷೆ ಸುಲಭ. ಕೆಳಗಿನ ಕಾಜಾ ಪಕ್ಕದಲ್ಲಿ ಹೊರಬಟ್ಟೆಯನ್ನು ಒಂದು ಕೈಯಲ್ಲಿ, ಒಳಬದಿಯ ಬಟ್ಟೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ಬೇರೆ ಬೇರೆ ಎಳೆಯಿರಿ. ನಡುವೆ ಮೂರನೇ ಪದರ ಸಡಿಲವಾಗಿ ಜಾರುವುದು ಬೆರಳಿಗೆ ಸಿಕ್ಕರೆ ಕ್ಯಾನ್ವಾಸ್. ಎರಡೇ ಪದರ, ಹೊರಗಿನದು ಗಟ್ಟಿ ರಟ್ಟಿನ ಹಾಗೆ ಅನ್ನಿಸಿದರೆ ಅಂಟಿಸಿದ್ದು. ಅಂಟಿಸಿದ್ದೆಲ್ಲಾ ಕಸ ಅನ್ನುತ್ತಿಲ್ಲ, ಈಗಿನ ಫ್ಯೂಸಿಂಗ್ ಮುಂಚಿಗಿಂತ ಚೆನ್ನಾಗಿದೆ. ಆದರೆ ಡ್ರೈ ಕ್ಲೀನಿಂಗ್ ಆಗುತ್ತಾ ಆಗುತ್ತಾ ಅಂಟು ಬಿಟ್ಟು ಎದೆ ಹತ್ತಿರ ಗುಳ್ಳೆ ಗುಳ್ಳೆ ಎದ್ದರೆ ಅದಕ್ಕೆ ಮದ್ದಿಲ್ಲ. ಬೇಜಾರಿನ ವಿಷಯ ಏನೆಂದರೆ ಹೆಂಗಸರ ಜಾಕೆಟ್‌ಗಳಲ್ಲಿ ದುಬಾರಿಯವೂ ಜಾಸ್ತಿ ಅಂಟಿಸಿದವೇ. ಗಂಡಸರ ವಿಭಾಗದಲ್ಲಿ ಅದೇ ದುಡ್ಡಿಗೆ ಕ್ಯಾನ್ವಾಸ್ ಸಿಗುತ್ತದೆ. ನ್ಯಾಯ ಅಲ್ಲ, ಆದರೆ ಇರುವುದು ಹಾಗೆ.

ಉಣ್ಣೆ ಬಟ್ಟೆ ಮೇಲೆ ಸೂಪರ್ 100, ಸೂಪರ್ 150 ಅಂತ ಬರೆದಿರುತ್ತಾರಲ್ಲ, ಅದು ಎಳೆ ಎಷ್ಟು ಸಣ್ಣ ಅನ್ನುವ ಲೆಕ್ಕ ಅಷ್ಟೇ. ಅಂತರರಾಷ್ಟ್ರೀಯ ಉಣ್ಣೆ ಜವಳಿ ಸಂಸ್ಥೆಯ ನಿಯಮದಲ್ಲಿ ಸೂಪರ್ 100 ಅಂದರೆ ಎಳೆಯ ದಪ್ಪ 18.75 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಮೀರಬಾರದು, ಸೂಪರ್ 150 ಅಂದರೆ 16.25. ನಂಬರು ದೊಡ್ಡದಾದಷ್ಟೂ ನಯ, ದುಡ್ಡೂ ಜಾಸ್ತಿ, ಜೊತೆಗೆ ಸುಕ್ಕೂ ಜಾಸ್ತಿ, ಬೇಗ ಸವೆಯುತ್ತದೆ. ದಿನಾ ಆಫೀಸಿಗೆ, ವಿಮಾನದಲ್ಲಿ ಕೂರುವುದಕ್ಕೆ 100ರಿಂದ 120 ಸಾಕು. ಮೇಲಿನ ನಂಬರಿಗೆ ದುಡ್ಡು ಸುರಿಯಬೇಡಿ.

ಸ್ವೆಟರ್‌ಗೆ ಕ್ಯಾಶ್ಮೀರ್, ಅಂದರೆ ಮೇಕೆಯ ನಯವಾದ ಉಣ್ಣೆ, ನೋಡುತ್ತೀರಿ ಅಂತ ಗೊತ್ತು, ಎಲ್ಲರೂ ನೋಡುತ್ತಾರೆ. ಅಮೆರಿಕದ ಕಾನೂನಿನಲ್ಲಿ ಆ ಹೆಸರು ಹಾಕಬೇಕಾದರೆ ಎಳೆಯ ಸರಾಸರಿ ದಪ್ಪ 19 ಮೈಕ್ರಾನ್ ದಾಟುವಂತಿಲ್ಲ. ಆದರೆ ಎಳೆಯ ಉದ್ದ ಎಷ್ಟು ಅಂತ ಲೇಬಲ್ಲಿನಲ್ಲಿ ಇರಲ್ಲ, ಆಟ ಇರುವುದೇ ಅಲ್ಲಿ. ಗಿಡ್ಡ ಎಳೆ ಹಾಕಿ ಸಡಿಲವಾಗಿ ಹೆಣೆದು, ಮೇಲೆ ಚೆನ್ನಾಗಿ ಉಜ್ಜಿ ನಯ ಮಾಡಿದರೆ ಅಂಗಡಿಯಲ್ಲಿ ಮೋಡದ ಥರ ಇರುತ್ತದೆ, ಮನೆಗೆ ತಂದು ಹಾಕಿದರೆ ಕಂಕುಳಲ್ಲಿ ಉಂಡೆ ಉಂಡೆ. ಅಂಗೈಯಿಂದ ಒಂದೇ ಜಾಗ ನಾಲ್ಕಾರು ಸಲ ಉಜ್ಜಿ ನೋಡಿ. ಆಗಲೇ ನೂಲು ಎದ್ದು ಉಂಡೆಯಾಗುತ್ತಿದ್ದರೆ ವಾಪಸ್ ಇಡಿ. ಹೆಣಿಗೆ ಬಿಗಿಯಾಗಿರಬೇಕು, ಎರಡೆಳೆ ನೂಲಿನದ್ದಾಗಿರಬೇಕು, ಹಿಗ್ಗಿಸಿ ಬಿಟ್ಟರೆ ಮೊದಲಿನ ಜಾಗಕ್ಕೆ ಬರಬೇಕು.

ಕೊನೆಗೆ ಔಟ್‌ಲೆಟ್, ಅಂದರೆ ಬ್ರ್ಯಾಂಡಿನ ಮಾಲನ್ನು ಕಡಿಮೆ ರೇಟಿಗೆ ಮಾರುವ ಅಂಗಡಿ. "ಅದೇ ಬ್ರ್ಯಾಂಡ್, ಅರ್ಧ ರೇಟು" ಅಂತ ಹೋಗುತ್ತಾರೆ. ಎಷ್ಟೋ ಕಂಪನಿಗಳು ಔಟ್‌ಲೆಟ್‌ಗೆ ಅಂತಲೇ ಬೇರೆ ಮಾಲು ಮಾಡಿಸುತ್ತವೆ, ಅದು ಮುಖ್ಯ ಮಳಿಗೆಯ ಮುಖವನ್ನೇ ನೋಡಿರುವುದಿಲ್ಲ. 2014ರಲ್ಲಿ ಅಮೆರಿಕದ ಕೆಲವು ಸಂಸದರು ಇದನ್ನು ವಿಚಾರಿಸಿ ಅಂತ ಅಲ್ಲಿ ವ್ಯಾಪಾರದ ಮೇಲೆ ಕಣ್ಣಿಡುವ ಫೆಡರಲ್ ಟ್ರೇಡ್ ಕಮಿಷನ್‌ಗೆ ಪತ್ರವನ್ನೇ ಬರೆದಿದ್ದರು. ನಿಮ್ಮ ಬಜೆಟ್ಟಿಗೆ ಆ ಕಡೆ ಹೋಗುವ ಅಗತ್ಯವೇ ಇಲ್ಲ.

ಸುಮ್ನೆಓದುವವ:

ಇಷ್ಟೆಲ್ಲಾ ಮೈಕ್ರಾನ್ ಲೆಕ್ಕ ಯಾಕೆ ಗುರು, ಯೂನಿಕ್ಲೋ ಥರದ ಅಗ್ಗದ ರೆಡಿಮೇಡ್ ಅಂಗಡಿಗೆ ಹೋಗಿ ಬುಟ್ಟಿ ತುಂಬಿಕೊಂಡು ಬನ್ನಿ. ಉಳಿದ ದುಡ್ಡಲ್ಲಿ ಪ್ರವಾಸ ಮಾಡಿ.

ಒಳಹೊಲಿಗೆ:

ಒಳಗೆ ಹಾಕುವ ಬನಿಯನ್, ಕಾಲುಚೀಲ, ಸಾದಾ ಟೀ ಶರ್ಟಿಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ ಗುರುಗಳೇ, ಅದಕ್ಕೆ ಜಾಸ್ತಿ ದುಡ್ಡು ಕೊಡುವುದು ದಂಡ. ಆದರೆ ಅವರು ಕೇಳಿದ್ದು ಹೆಗಲಿಗೆ ಕೂರುವ ಬ್ಲೇಜರ್. ಅದು ಬುಟ್ಟಿಯಲ್ಲಿ ಸಿಗಲ್ಲ.

ಮಳೆಹುಡುಗಿ:

ಅಬ್ಬಾ, ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ. ಒಳಹೊಲಿಗೆ ಅವರೇ, ನಿಮ್ಮ ಮಾತು ಓದಿ ನನ್ನ ಹಳೇ ಬ್ಲೇಜರ್ ತೆಗೆದು ಎಳೆದು ನೋಡಿದೆ, ಎರಡೇ ಪದರ! ಈಗ ಪ್ರಶ್ನೆ. ಹೆಂಗಸರ ರೆಡಿಮೇಡಿನಲ್ಲಿ ಕ್ಯಾನ್ವಾಸ್ ಸಿಗುವುದೇ ಕಷ್ಟ ಅಂದರೆ ನಾನು ಹೊಲಿಸಿಕೊಳ್ಳುವುದೇ ಮೇಲಾ? ಬೆಸ್ಪೋಕ್, ಮೇಡ್ ಟು ಮೆಷರ್ ಅಂತ ಏನೇನೋ ಹೇಳುತ್ತಾರೆ, ಎರಡೂ ಒಂದೇ ಅಲ್ವಾ?

ನಾಲ್ಕನೇಗುಂಡಿ:

ಒಂದೇ ಅಲ್ಲ, ಆದರೆ ಒಂದೇ ಅನ್ನುವ ಹಾಗೆ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಮೇಡ್ ಟು ಮೆಷರ್ ಅಂದರೆ ಕಂಪನಿ ಹತ್ತಿರ ಮೊದಲೇ ಒಂದು ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ನಕ್ಷೆ, ಇರುತ್ತದೆ. ನಿಮ್ಮ ಅಳತೆಗೆ ಅದನ್ನೇ ಅಲ್ಲಿ ಇಲ್ಲಿ ಹಿಗ್ಗಿಸಿ ಕುಗ್ಗಿಸಿ ಫ್ಯಾಕ್ಟರಿಯಲ್ಲಿ ಹೊಲಿದು ಕಳಿಸುತ್ತಾರೆ. ಬೆಸ್ಪೋಕ್ ಅಂದರೆ ನಿಮ್ಮ ಮೈಗೆ ಅಂತಲೇ ಕಾಗದದ ಮೇಲೆ ಹೊಸದಾಗಿ ಪ್ಯಾಟರ್ನ್ ಬರೆದು, ಕಚ್ಚಾ ಹೊಲಿಗೆ ಹಾಕಿ, ನಿಮ್ಮ ಮೈಮೇಲೆ ತೊಡಿಸಿ ನೋಡಿ, ಮತ್ತೆ ಬಿಚ್ಚಿ ಸರಿಮಾಡಿ ಹೊಲಿಯುವುದು. ಲಂಡನ್ನಿನ ಸ್ಯಾವಿಲ್ ರೋ ಅನ್ನುವ ಹೆಸರಾಂತ ಟೈಲರ್‌ಗಳ ಬೀದಿಯಲ್ಲಿ ಅವರ ಸಂಘವೇ ಇದೆ, 2004ರಲ್ಲಿ ಶುರುವಾಗಿದ್ದು. ಒಂದು ಸೂಟಿಗೆ ಕನಿಷ್ಠ 50 ಗಂಟೆ ಕೈಕೆಲಸ ಇರಬೇಕು ಅನ್ನುವುದು ಅವರ ನಿಯಮ. ಆದರೆ 2008ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ, ಮೆಷಿನ್ನಿನಲ್ಲಿ ಹೊಲಿದದ್ದನ್ನೂ ಬೆಸ್ಪೋಕ್ ಅಂತ ಜಾಹೀರಾತು ಕೊಡಬಹುದು ಅಂದುಬಿಟ್ಟಿತು. ಹಾಗಾಗಿ ಬೋರ್ಡ್ ನೋಡಿ ನಂಬಬೇಡಿ, ಬಾಯಿಬಿಟ್ಟು ಕೇಳಿ. ನನ್ನದೇ ಪ್ಯಾಟರ್ನ್ ಬರೆಯುತ್ತೀರಾ? ಕಚ್ಚಾ ಹೊಲಿಗೆಯ ಟ್ರಯಲ್ ಇದೆಯಾ? ಕಟಿಂಗ್ ಮಾಡುವವರು ಇಲ್ಲೇ ಇದ್ದಾರಾ? ಇಷ್ಟು ಕೇಳಿದರೆ ಸಾಕು, ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ.

ನಿಮ್ಮ ಹೆಗಲಿಗೆ ನಾನಾದರೆ ಮೇಡ್ ಟು ಮೆಷರ್‌ನಿಂದ ಶುರು ಮಾಡುತ್ತಿದ್ದೆ. ಹೆಗಲು ಅಗಲ, ಕೈ ಉದ್ದ, ಸೊಂಟ ಸಣ್ಣ ಇವೆಲ್ಲಾ ಅದರಲ್ಲಿ ಸರಿಯಾಗುವಂಥವೇ. ಒಂದು ಹೆಗಲು ಇಳಿದಿದ್ದರೆ, ಬೆನ್ನು ಬಾಗಿದ್ದರೆ ಆಗ ಬೆಸ್ಪೋಕ್‌ಗೆ ಕೊಟ್ಟ ದುಡ್ಡು ಕಣ್ಣಿಗೆ ಕಾಣುತ್ತದೆ. ಹೋಗುವ ಮುಂಚೆ ಅವರು ಹೆಂಗಸರಿಗೆ ಹೊಲಿದ ಜಾಕೆಟ್ ತೋರಿಸಿ ಅಂತ ಕೇಳಲೇಬೇಕು. ಗಂಡಸರ ಸೂಟಿನಲ್ಲಿ ಪಳಗಿದ ಕೈ ಎದೆಯ ಹತ್ತಿರ ಡಾರ್ಟ್ (ಮೈಯ ಆಕಾರಕ್ಕೆ ಕೂರಲು ಹೊಲಿಯುವ ಮಡಿಕೆ) ಹಾಕುವಾಗ ತಡಬಡಾಯಿಸುವುದನ್ನು ನಾನೇ ನೋಡಿದ್ದೇನೆ. ನನ್ನ ಅಕ್ಕನಿಗೆ ಒಬ್ಬ ಹೆಸರಾಂತ ಟೈಲರ್ ಹೊಲಿದುಕೊಟ್ಟ ಜಾಕೆಟ್ ಬೆನ್ನಿನಿಂದ ನೋಡಿದರೆ ಅದ್ಭುತ, ಮುಂದಿನಿಂದ ನೋಡಿದರೆ ನಮ್ಮ ಭಾವನದ್ದು.

ಮತ್ತೆ, ಒಂದೇ ಸಲಕ್ಕೆ ಎರಡು ಬ್ಲೇಜರ್, ನಾಲ್ಕು ಪ್ಯಾಂಟು ಆರ್ಡರ್ ಕೊಡಬೇಡಿ. ಮೊದಲು ಒಂದು ಶರ್ಟು ಹೊಲಿಸಿ. ಅವರ ಅಳತೆ ಹೇಗೆ, ಹೇಳಿದ ದಿನಕ್ಕೆ ಕೊಡುತ್ತಾರಾ, ತಪ್ಪಿದ್ದರೆ ಮುಖ ಸಿಂಡರಿಸದೆ ಸರಿಮಾಡುತ್ತಾರಾ ಅನ್ನುವುದೆಲ್ಲಾ ಒಂದು ಶರ್ಟಿನಲ್ಲೇ ಗೊತ್ತಾಗುತ್ತದೆ. ತೋಳಿನ ತುದಿಯ ಕಾಜಾಗಳನ್ನು ಕೊನೆಯ ಟ್ರಯಲ್ ಆಗುವ ತನಕ ಕತ್ತರಿಸಲು ಬಿಡಬೇಡಿ. ಒಮ್ಮೆ ಕತ್ತರಿಸಿದರೆ ಆಮೇಲೆ ತೋಳಿನ ಉದ್ದ ಕೆಳಗಿನಿಂದ ಸರಿಮಾಡುವುದು ಆಗುವ ಕೆಲಸ ಅಲ್ಲ, ಮೇಲೆ ಹೆಗಲಿನಿಂದ ಬಿಚ್ಚಬೇಕಾಗುತ್ತದೆ. ಪ್ಯಾಂಟಿನ ಹಿಂಬದಿ ಹೊಲಿಗೆಯಲ್ಲಿ, ಕೆಳಗಿನ ಮಡಿಕೆಯಲ್ಲಿ ಧಾರಾಳವಾಗಿ ಬಟ್ಟೆ ಬಿಡಿಸಿ. ಮೈ ಇವತ್ತಿದ್ದ ಹಾಗೆ ನಾಳೆ ಇರುತ್ತಾ?

ಬಟ್ಟೆ ಆರಿಸುವಾಗ ಅದನ್ನು ನೇಯ್ದ ಮಿಲ್ ಯಾವುದು ಅಂತ ಕೇಳಿ. ಇಟಲಿಯ ಬಿಯೆಲ್ಲಾ ಸುತ್ತಮುತ್ತ ಹಳೇ ಮಿಲ್ಲುಗಳಿವೆ. ಬ್ರಿಟನ್ನಿನಲ್ಲಿ ಹಡರ್ಸ್‌ಫೀಲ್ಡ್ ಕಡೆಯದ್ದು ಸ್ವಲ್ಪ ತೂಕ ಜಾಸ್ತಿ, ಆದರೆ ಪ್ರಯಾಣಕ್ಕೆ ಅದೇ ಒಳ್ಳೆಯದು, ರಾತ್ರಿ ತೂಗುಹಾಕಿದರೆ ಬೆಳಗ್ಗೆ ಸುಕ್ಕು ಬಿಟ್ಟಿರುತ್ತದೆ. ಒರಟು ಬಟ್ಟೆ ಇಷ್ಟ ಅನ್ನುವುದಾದರೆ ಹ್ಯಾರಿಸ್ ಟ್ವೀಡ್ ಅನ್ನುವ ದಪ್ಪ ಉಣ್ಣೆ ಬಟ್ಟೆ ನೋಡಿ. ಅದಕ್ಕೆ 1993ರ ಕಾನೂನೇ ಇದೆ, ಸ್ಕಾಟ್ಲೆಂಡಿನ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ ಅಲ್ಲಿನವರು ಮನೆಯಲ್ಲಿ ಕೈಮಗ್ಗದಲ್ಲಿ ನೇಯ್ದಿದ್ದಕ್ಕೆ ಮಾತ್ರ ಆ ಹೆಸರು. ಒಂದು ಟ್ವೀಡ್ ಬ್ಲೇಜರ್ ಇದ್ದರೆ ಸ್ವಲ್ಪ ಚಳಿಗೆ ಕೋಟೇ ಬೇಡ.

ಹಳೇಪೆಟ್ಟಿಗೆ:

ಎಲ್ಲರೂ ಹೊಸದನ್ನೇ ಹೇಳುತ್ತಿದ್ದೀರಿ. ಕೋಟಿಗೆ ಮಾತ್ರ ನನ್ನ ಮಾತು ಕೇಳಿ, ಸೆಕೆಂಡ್ ಹ್ಯಾಂಡ್ ತಗೊಳ್ಳಿ. ದುಡ್ಡಿಲ್ಲ ಅಂತ ಅಲ್ಲ, ಅದೇ ದುಡ್ಡಿಗೆ ಎರಡು ಮೆಟ್ಟಿಲು ಮೇಲಿನ ಮಾಲು ಸಿಗುತ್ತದೆ ಅಂತ. ಶ್ರೀಮಂತರು ಕೋಟು ಸವೆಯುವ ತನಕ ಹಾಕಲ್ಲ ಸ್ವಾಮಿ, ಬೇಜಾರಾಗುವ ತನಕ ಹಾಕುತ್ತಾರೆ.

ಮ್ಯಾಕ್ಸ್ ಮಾರಾ ಕಂಪನಿಯ 101801 ಅಂತ ಒಂದು ಕೋಟು ಇದೆ. 1981ರಲ್ಲಿ ಆನ್ ಮರಿ ಬೆರೆಟ್ಟಾ ಮಾಡಿದ ವಿನ್ಯಾಸ, ಉಣ್ಣೆ ಮತ್ತು ಕ್ಯಾಶ್ಮೀರ್ ಬೆರೆಸಿದ್ದು. ಆ ವಿನ್ಯಾಸ ಇವತ್ತಿಗೂ ಮಾರಾಟದಲ್ಲಿದೆ. ಅದರ ತೋಳು ಅಗಲ, ಹೆಗಲು ಸಡಿಲ. ನಿಮ್ಮ ಮೈಕಟ್ಟಿಗೆ ಹೇಳಿ ಮಾಡಿಸಿದ ಹಾಗಿದೆ, ಒಳಗೆ ಬ್ಲೇಜರ್ ಹಾಕಿದರೂ ಬಿಗಿಯಾಗಲ್ಲ, ಲೋಗೋ ಕೂಡ ಎದ್ದು ಕಾಣಲ್ಲ. ವಿನ್ಯಾಸ ಬದಲಾಗದೆ ಇರುವುದರಿಂದ ಹಳೆಯದು ಹಾಕಿಕೊಂಡು ಹೋದರೂ ಹಳೆಯದು ಅಂತ ಯಾರಿಗೂ ಗೊತ್ತಾಗಲ್ಲ.

ಹುಡುಕುವುದು ಎಲ್ಲಿ ಅಂದರೆ, ಹಳೇ ದುಬಾರಿ ಬಟ್ಟೆ ಮಾರುವ ಆನ್‌ಲೈನ್ ತಾಣಗಳಲ್ಲಿ. ಪ್ಯಾರಿಸ್ಸಿನಲ್ಲಿ 2009ರಲ್ಲಿ ಶುರುವಾದ ವೆಸ್ಟಿಯೇರ್ ಕಲೆಕ್ಟಿವ್ ಇದೆ, ಅಮೆರಿಕದಲ್ಲಿ 2011ರಿಂದ ದಿ ರಿಯಲ್‌ರಿಯಲ್ ಇದೆ. ಎರಡೂ ಕಡೆ ಮಾಲು ಅಸಲಿಯಾ ಅಂತ ಪರೀಕ್ಷಿಸುವ ವ್ಯವಸ್ಥೆ ಇದೆ, ಆದರೆ ಅದನ್ನೇ ನಂಬಿ ಕಣ್ಣು ಮುಚ್ಚಬೇಡಿ. ಲೇಬಲ್ಲು, ಒಳಗಿನ ಹೊಲಿಗೆ, ತೋಳಿನ ಅಂಚು, ಕಂಕುಳ ಕೆಳಗಿನ ಲೈನಿಂಗು, ಇಷ್ಟರದ್ದೂ ಹತ್ತಿರದ ಫೋಟೊ ಕೇಳಿ. ಸೈಜು ನಂಬರ್ ಬೇಡ, ಹೆಗಲಿಂದ ಹೆಗಲಿಗೆ ಎಷ್ಟು, ಎದೆ ಸುತ್ತ ಎಷ್ಟು ಅಂತ ಅಳತೆ ಕೇಳಿ. ಕೊಡಲ್ಲ ಅಂದರೆ ಬಿಟ್ಟುಬಿಡಿ. ಬಂದ ಮೇಲೆ ಬೆಳಕಿಗೆ ಹಿಡಿದು ನುಸಿ ತಿಂದ ತೂತು ಇದೆಯಾ ನೋಡಿ, ಕಾಲರ್ ಮಡಿಕೆ ಕೆಳಗೆ ಮತ್ತೆ ಜೇಬಿನ ಮುಚ್ಚಳದ ಕೆಳಗೆ ಮುಖ್ಯವಾಗಿ.

ಪರ್ಸನಲ್ ಶಾಪರ್ ವಿಷಯಕ್ಕೆ ನನ್ನ ತಕರಾರಿದೆ. ಟ್ರಯಲ್ ರೂಮಿನಲ್ಲಿ ಇಪ್ಪತ್ತು ಬಟ್ಟೆ ಸಾಲಾಗಿ ಇಟ್ಟುಕೊಂಡು, ಕೈಯಲ್ಲಿ ಶರಬತ್ತಿನ ಲೋಟ ಹಿಡಿದುಕೊಂಡು ಕೂತರೆ ಯಾರಿಗೆ ತಾನೇ "ಬೇಡ" ಅನ್ನಲು ಬಾಯಿ ಬರುತ್ತದೆ?

ಕಿಟಕಿಪಕ್ಕದಸೀಟು:

ನನಗೆ ಬರುತ್ತದೆ 😄 ಆದರೆ ಒಪ್ಪಿದೆ, ಎಲ್ಲರಿಗೂ ಬರಲ್ಲ. ಅದಕ್ಕೇ ಮೊದಲ ಸಲ ಹೋದಾಗ ಏನೂ ಕೊಳ್ಳದೆ, ಇಷ್ಟವಾದದ್ದನ್ನು ಎತ್ತಿಡಲು ಹೇಳಿ ಬಂದುಬಿಡಿ. ಒಂದು ರಾತ್ರಿ ಕಳೆದ ಮೇಲೂ ಬೇಕು ಅನ್ನಿಸಿದರೆ ಬೇಕು.

ತಿಂಗಳಪಾರ್ಸೆಲ್:

ಹೊಸ ಬಟ್ಟೆಯನ್ನು ಆನ್‌ಲೈನ್‌ನಲ್ಲಿ ಕೊಳ್ಳುವ ಬಗ್ಗೆ ಯಾರೂ ಹೇಳಲಿಲ್ಲ. ದುಬಾರಿ ಬಟ್ಟೆಯ ಆನ್‌ಲೈನ್ ವ್ಯಾಪಾರ ಹೊಸದೇನಲ್ಲ, ನೆಟ್ ಎ ಪೋರ್ಟರ್ ಅನ್ನುವ ತಾಣ 2000ದಿಂದ ಇದೆ. ನನ್ನ ಅನುಭವದಲ್ಲಿ ಶರ್ಟು, ಸ್ವೆಟರ್‌ಗೆ ಸರಿ, ಬ್ಲೇಜರ್‌ಗೆ ಬೇಡ. ಮನೆಯಲ್ಲಿರುವ, ನಿಮಗೆ ಚೆನ್ನಾಗಿ ಕೂರುವ ಒಂದು ಶರ್ಟನ್ನು ಮೇಜಿನ ಮೇಲೆ ಹರಡಿ ಟೇಪು ಹಿಡಿದು ಅಳೆದು ಬರೆದಿಟ್ಟುಕೊಳ್ಳಿ. ಹೆಗಲು, ಎದೆ, ತೋಳು, ಉದ್ದ. ಅಂಗಡಿಯವರ ಸೈಜ್ ಚಾರ್ಟಿನಲ್ಲಿ ಮೈಯ ಅಳತೆ ಕೊಟ್ಟಿದ್ದಾರಾ ಬಟ್ಟೆಯ ಅಳತೆ ಕೊಟ್ಟಿದ್ದಾರಾ ನೋಡಿಕೊಳ್ಳಿ, ಎರಡೂ ಬೇರೆ ಬೇರೆ. ಒಂದೇ ಶರ್ಟಿನ ಎರಡು ಸೈಜು ತರಿಸಿ ಒಂದನ್ನು ವಾಪಸ್ ಕಳಿಸಿ, ದುಡ್ಡು ಸ್ವಲ್ಪ ದಿನ ಅಲ್ಲಿ ಸಿಕ್ಕಿಹಾಕಿಕೊಂಡರೂ ನಿಮಗೆ ತೊಂದರೆ ಇಲ್ಲವಲ್ಲ. ಬೇರೆ ದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಯಾರ ಲೆಕ್ಕಕ್ಕೆ, ವಾಪಸ್ ಕಳಿಸಿದರೆ ಅದು ಸಿಗುತ್ತದಾ ಅಂತ ಮೊದಲೇ ಓದಿ. ಟ್ಯಾಗ್ ಕತ್ತರಿಸುವುದು ಕೊನೆಗೆ.

ಮಳೆಹುಡುಗಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೊದಲು ಮೇಡ್ ಟು ಮೆಷರ್‌ನಲ್ಲಿ ಒಂದು ಬಿಳಿ ಶರ್ಟು ಹೊಲಿಸುತ್ತೇನೆ. ಅದು ಸರಿಬಂದರೆ ಅಲ್ಲೇ ಕಡುನೀಲಿ ಬ್ಲೇಜರ್, ಸೂಪರ್ 110 ಒಳಗಿನ ಬಟ್ಟೆಯಲ್ಲಿ. ಟ್ವೀಡ್ ಆಮೇಲೆ ನೋಡೋಣ. ಕೋಟಿಗೆ ಆ 101801 ಅನ್ನು ಮೊದಲು ಮಳಿಗೆಯಲ್ಲೇ ಹಾಕಿ ನೋಡಿ ಸೈಜು ತಿಳಿದುಕೊಂಡು, ಆಮೇಲೆ ಹಳೆಯದು ಹುಡುಕುತ್ತೇನೆ (ಮಳಿಗೆಯವರು ಕ್ಷಮಿಸಲಿ). ಸ್ವೆಟರ್ ಮಾತ್ರ ಅಂಗಡಿಯಲ್ಲೇ, ಕೈಯಿಂದ ಉಜ್ಜಿ.

ಒಂದೇ ಒಂದು ಉಳಿದ ಪ್ರಶ್ನೆ. ಹಳೇ ಉಣ್ಣೆ ಕೋಟು ತಂದರೆ ಅದರ ಜೊತೆ ನುಸಿಯೂ ಮನೆಗೆ ಬಂದರೆ? ಹೊಸ ಬ್ಲೇಜರ್ ಪಕ್ಕದಲ್ಲೇ ತೂಗುಹಾಕಬೇಕಲ್ಲ.

ಹಳೇಪೆಟ್ಟಿಗೆ:

ಬಂದ ದಿನ ಬೀರುವಿಗೆ ಸೇರಿಸಲೇಬೇಡಿ. ನೇರ ಡ್ರೈ ಕ್ಲೀನಿಂಗಿಗೆ ಕೊಡಿ, ಮೊಟ್ಟೆ ಮರಿ ಇದ್ದರೆ ಅಲ್ಲೇ ಸಾಯುತ್ತವೆ. ಆಮೇಲೂ ಬೆವರಿನ ಕಲೆ, ಊಟದ ಕಲೆ ಇರುವ ಹಾಗೆ ಎತ್ತಿಡಬೇಡಿ, ನುಸಿ ಮರಿಗಳಿಗೆ ಅದೇ ಬೇಕು. ಸ್ವೆಟರ್ ಮಡಚಿ ಇಡಿ, ತೂಗುಹಾಕಿದರೆ ಹೆಗಲು ಜೋಲುತ್ತದೆ. ಕೋಟಿಗೆ ತಂತಿ ಹ್ಯಾಂಗರ್ ಬೇಡ, ಹೆಗಲಿನ ಅಗಲಕ್ಕೆ ಸರಿಯಾದ ಮರದ್ದು ತಗೊಳ್ಳಿ. ಡ್ರೈ ಕ್ಲೀನಿಂಗಿನವರು ಕೊಡುವ ಪ್ಲಾಸ್ಟಿಕ್ ಚೀಲ ಮನೆಗೆ ಬಂದ ತಕ್ಷಣ ತೆಗೆದುಹಾಕಿ, ಬಟ್ಟೆ ಚೀಲದಲ್ಲಿ ಹಾಕಿ ಜಿಪ್ ಎಳೆದಿಡಿ.